ನೇತ್ರಾಣಿ

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದಲ್ಲಿರುವ ಜನವಸತಿಯಿಲ್ಲದ ಬಂಡೆದ್ವೀಪ. ಪಾರಿವಾಳ ದ್ವೀಪವೆಂದೂ ಹೆಸರು. ಇಲ್ಲಿ ನೆಲೆಸಿದ ಜಟ್ಟಿಗ ದೈವ ಕಡಲಿಗಿಳಿದವರನ್ನು ಕಾಯುತ್ತದೆಂಬುದು ಕರಾವಳಿಯ ಗಟ್ಟಿ ನಂಬಿಕೆ. ಮೀನುಗಾರರು ಹರಕೆ ಹೊತ್ತು ಆಡು, ಕೋಳಿಗಳನ್ನು ದೋಣಿಯಲ್ಲಿ ತಂದು ಜೀವಂತವಾಗಿ ಬಿಟ್ಟುಹೋಗುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲರೂ ಈ ಬಂಡೆಗೆ ನಡೆದುಕೊಳ್ಳುವುದು ಇದರ ನಿಜವಾದ ಹಿರಿಮೆ.

ದೂರದ ಬಂಡೆಯ ಸುತ್ತ ಕತೆ ಕಟ್ಟುವುದು ಕಡಲಂಚಿನ ಜನರಲ್ಲೆಲ್ಲ ಉಂಟು. ಸ್ಕಾಟ್ಲೆಂಡಿನ ಗೇಲಿಕ್ ಜನಪದರಲ್ಲಿ, ಮೂರು ಬಾರಿ ಮೇಲೇಳುವ ರೋಕಬರಾ ಬಂಡೆ ಕೊನೆಯ ಸಲ ಕಂಡಾಗ ಲೋಕ ಮುಗಿಯುತ್ತದೆಂಬ ಕತೆಯಿದೆ. ಇದನ್ನು ಅಟ್ಲಾಂಟಿಕ್ ಸಾಗರದ ರಾಕಾಲ್ ಬಂಡೆಯೊಂದಿಗೆ ಗುರುತಿಸುವುದುಂಟು. ನೇತ್ರಾಣಿಯದು ಪ್ರಳಯದ ಭಯವಲ್ಲ, ಅಭಯ.

ಆದರೆ ಅಭಯ ನೀಡುವ ಈ ದ್ವೀಪವನ್ನೇ ಭಾರತೀಯ ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದೆ. ಸುತ್ತಲಿನ ಹವಳಗಳೂ ಇಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದುಗಳೂ ರಕ್ಷಣೆಗೆ ಅರ್ಹ.