ಕೆರೆ ದಂಡೆಯ ನೋಟ್‌ಬುಕ್: ನೀಲಕಂಠ ಕಮ್ಮಿಯಾಗಿದ್ದು ನಮಗೆ ಹೆಂಗೆ ಗೊತ್ತಾಯ್ತು?

ಇಯರ್‌ಫೋನ್ ಹಾಕ್ಕೊಂಡು ವೈಟ್‌ಫೀಲ್ಡ್ ಮೆಟ್ರೋದಲ್ಲಿ ನಿಂತಿದ್ದೀರಾ? ಅಥವಾ ಎಲೆಕ್ಟ್ರಾನಿಕ್ ಸಿಟಿ ಕ್ಯಾಬ್‌ನಲ್ಲಿ ಸಿಗ್ನಲ್ ಬಿಡೋದನ್ನ ಕಾಯ್ತಾ ಇದ್ದೀರಾ? ಹಂಗಾದ್ರೆ ಒಂದು ಪ್ರಶ್ನೆ. ನೀವು ಕೆಲಸ ಮಾಡೋ ಟೆಕ್ ಪಾರ್ಕ್ ಬರೋ ಮುಂಚೆ ಆ ಜಾಗದಲ್ಲಿ ಎಷ್ಟು ಹಕ್ಕಿ ಇದ್ವು? ಆಗ ಸೈಟ್ ರೇಟ್ ಎಷ್ಟಿತ್ತು ಅಂತ ಕೇಳಿ, ಪ್ರತಿ ಬೀದಿಯಲ್ಲೂ ಒಬ್ಬ ಅಂಕಲ್ ಥಟ್ಟಂತ ಹೇಳ್ತಾರೆ. ಹಕ್ಕಿ ಕೇಳಿದ್ರೆ ಮಾತ್ರ "ಅಯ್ಯೋ, ತುಂಬಾ ಇದ್ವು ಕಣಪ್ಪ" ಅನ್ನೋದೇ ಉತ್ತರ.

"ತುಂಬಾ" ಅನ್ನೋದು ನೆನಪು, ಲೆಕ್ಕ ಅಲ್ಲ. ಒಂದು ದೇಶದ ಜೀವವೈವಿಧ್ಯ ಹೇಗಿದೆ ಅಂತ ಹೇಳೋಕೆ ಬೇಕಾಗೋದು ಸೂಚಕಗಳು. ಜ್ವರ ನೋಡೋಕೆ ಥರ್ಮಾಮೀಟರ್ ಇದ್ದ ಹಾಗೆ. ಕಾಡಲ್ಲಿ ಕೆರೆಯಲ್ಲಿ ಇರೋದನ್ನೆಲ್ಲ ಎಣಿಸೋಕೆ ಯಾರಿಂದಲೂ ಆಗಲ್ಲ. ಅದಕ್ಕೇ ಕೆಲವನ್ನು ಆರಿಸ್ಕೊಂಡು, ಒಂದೇ ರೀತಿಯಲ್ಲಿ, ವರ್ಷ ವರ್ಷ ಎಣಿಸ್ತಾ ಹೋಗೋದು. ಭಾರತಕ್ಕೆ ಈ ಥರ್ಮಾಮೀಟರ್ ಹೇಗೆ ಬಂತು ಅನ್ನೋ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನ ಕೆರೆಗಳ ದಂಡೆಯಲ್ಲೇ ಇದೆ.

1987ಕ್ಕೆ ಹೋಗೋಣ. ಪೀಣ್ಯದಲ್ಲಿ ಆಗಲೇ ಕಾರ್ಖಾನೆಗಳ ಸದ್ದು. ಎಲೆಕ್ಟ್ರಾನಿಕ್ ಸಿಟಿ ಅಂದ್ರೆ ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಶುರು ಮಾಡಿದ ಬಡಾವಣೆ. ವೈಟ್‌ಫೀಲ್ಡ್ ಇನ್ನೂ ಹಳೇ ಆಂಗ್ಲೋ ಇಂಡಿಯನ್ ಊರು. ಆ ವರ್ಷ ದೇಶದಲ್ಲಿ ಎರಡು ಲೆಕ್ಕ ಹುಟ್ಟಿದ್ವು.

ಮೊದಲನೇದು ಮೇಲಿಂದ ನೋಡಿದ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹ ಚಿತ್ರ ಇಟ್ಕೊಂಡು ದೇಶದ ಕಾಡಿನ ಮೊದಲ ವರದಿ ಕೊಡ್ತು. ಈಗಲೂ ಎರಡು ವರ್ಷಕ್ಕೊಮ್ಮೆ ಅಂತ ಆ ವರದಿ ಬರುತ್ತೆ, "ಹಸಿರು ಹೆಚ್ಚಾಯ್ತು" ಅಂತ ಹೆಡ್‌ಲೈನೂ ಬರುತ್ತೆ. ಆದ್ರೆ ಆ ಲೆಕ್ಕದ ನಿಯಮ ಕೇಳಿ: ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ರೆ ಅದು ಅರಣ್ಯ ಹೊದಿಕೆ. ಯಾವ ಮರ ಅಂತ ಕೇಳಲ್ಲ. ನೀಲಗಿರಿ ತೋಪೂ ಸೈ. ಆ ನೀಲಗಿರಿಯ ಸಸಿಗಳನ್ನು 1983ರಲ್ಲಿ ತುಮಕೂರು ಕಡೆಯ ರೈತರು ನರ್ಸರಿಗೇ ನುಗ್ಗಿ ಕಿತ್ತು ಹಾಕಿದ್ರು ಅನ್ನೋದು ಬೇರೆ ಮಾತು. ಮರವೇ ಇಲ್ಲದ ಹುಲ್ಲುಗಾವಲು, ಕೆರೆಯ ಜೌಗು ಈ ಲೆಕ್ಕಕ್ಕೆ ಕಾಣೋದೇ ಇಲ್ಲ.

ಎರಡನೇದು ನೆಲದ ಮೇಲೆ ನಿಂತು ಮಾಡಿದ ಲೆಕ್ಕ: ಏಷ್ಯಾ ನೀರಹಕ್ಕಿ ಗಣತಿ. ಪ್ರತಿ ಜನವರಿಯಲ್ಲಿ, ವಲಸೆ ಬಂದ ಹಕ್ಕಿಗಳು ಒಂದು ಕಡೆ ನೆಲೆ ನಿಂತಿರೋ ಹೊತ್ತಲ್ಲಿ, ಜನ ಕೆರೆಗಳಿಗೆ ಹೋಗಿ ಎಣಿಸೋದು. ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ. ಬೆಂಗಳೂರಲ್ಲಿ ಹಕ್ಕಿ ನೋಡೋರ ಬಳಗ ಇತ್ತು, ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಅಂತ. ಅಂಥವರೇ ಚಳಿಯಲ್ಲಿ ಬೈನಾಕ್ಯುಲರ್ ಹಿಡ್ಕೊಂಡು ಕೆರೆ ಏರಿ ಮೇಲೆ ನಿಂತ್ರು.

ಸಾವಿರ ಬಾತುಗಳನ್ನು ಒಂದೊಂದಾಗಿ ಎಣಿಸೋಕೆ ಆಗಲ್ಲ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸಿ, ಆಮೇಲೆ ಹತ್ತು ಹತ್ತಾಗಿ ಗುಂಪನ್ನು ಅಳೀತಾ ಹೋಗ್ಬೇಕು. ಅಷ್ಟರಲ್ಲಿ ಒಂದು ಹದ್ದು ಬಂದು ಎಲ್ಲವನ್ನೂ ಎಬ್ಬಿಸಿದ್ರೆ ಮತ್ತೆ ಮೊದಲಿಂದ. ಬರೀ ಒಟ್ಟು ಸಂಖ್ಯೆಯೂ ಸಾಲಲ್ಲ. ಕೊಳಚೆ ನೀರು ಸೇರಿ ಕೆರೆ ತುಂಬಾ ಅಂತರಗಂಗೆ ಹಬ್ಬಿದ್ರೆ ನೇರಳೆ ಜಂಬುಕೋಳಿ ಅದರ ಮೇಲೇ ಆರಾಮಾಗಿ ಓಡಾಡುತ್ತೆ. ಆದ್ರೆ ದೂರದ ಉತ್ತರದಿಂದ ಹಾರಿ ಬಂದ ಸೂಜಿಬಾಲದ ಬಾತಿಗೆ ಇಳಿಯೋಕೆ ತೆರೆದ ನೀರೇ ಇರಲ್ಲ. ಕೆರೆಯಲ್ಲಿ ಹಕ್ಕಿ ಇದೆ ಅಂತ ಖುಷಿ ಪಡೋ ಮುಂಚೆ ಯಾವ ಹಕ್ಕಿ ಅಂತ ಕೇಳ್ಬೇಕು. ಮೇಲಿಂದ ತೆಗೆದ ಫೋಟೋದಲ್ಲಿ ಅಂತರಗಂಗೆಯೂ ಹಸಿರೇ ತಾನೇ?

1994ರಲ್ಲಿ ಡಾ. ಜೋಸೆಫ್ ಜಾರ್ಜ್ ಸಂಪಾದಿಸಿದ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿ ಹೊರಬಂತು. ಅದೇ ವರ್ಷ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಕಟ್ಟೋ ಕೆಲಸ ಶುರುವಾಯ್ತು. ಪಟ್ಟಿ ಸ್ವಲ್ಪ ತಡವಾಗಿದ್ರೆ ಅದರ ಹಕ್ಕಿಗಳೇ ಬೇರೆ ಇರ್ತಿದ್ವೋ ಏನೋ.

ಜಗತ್ತಿನ ಸರ್ಕಾರಗಳಿಗೆ ಎಚ್ಚರ ಆಗಿದ್ದು ಇನ್ನೂ ನಿಧಾನಕ್ಕೆ. ಜೀವವೈವಿಧ್ಯ ಒಪ್ಪಂದದ ದೇಶಗಳು 2002ರಲ್ಲಿ ಸೇರಿ, 2010ರೊಳಗೆ ನಾಶದ ವೇಗ ಇಳಿಸ್ತೀವಿ ಅಂದ್ವು. ಇಳೀತೋ ಇಲ್ವೋ ಹೇಳೋಕೆ ಅಳತೆ ಬೇಕಲ್ಲ? ಆಗ 31 ಸೂಚಕಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಜ್ಞಾನಿಗಳು 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ್ರು: ಇಳಿದಿಲ್ಲ. ನಮ್ಮಲ್ಲಿ ಜೀವವೈವಿಧ್ಯ ಕಾಯ್ದೆ ಆಗಿದ್ದೂ 2002ರಲ್ಲೇ. ಆ ಎಂಟು ವರ್ಷ ಔಟರ್ ರಿಂಗ್ ರೋಡ್ ಪಕ್ಕ ಏನೇನು ಎದ್ದು ನಿಂತ್ವು ಅಂತ ನಿಮಗೆ ನಾನು ಹೇಳ್ಬೇಕಿಲ್ಲ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡದ ಪ್ರಕಾರ 1973ರಿಂದ 2016ರ ನಡುವೆ ಬೆಂಗಳೂರಲ್ಲಿ ಕಟ್ಟಡ, ರಸ್ತೆ ಆವರಿಸಿದ ಜಾಗ ಶೇ 1005ರಷ್ಟು ಹೆಚ್ಚಾಯ್ತು, ಜಲಪ್ರದೇಶ ಶೇ 79ರಷ್ಟು ಕಮ್ಮಿಯಾಯ್ತು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿದ್ದಾಗ ಟಿವಿಗಳೆಲ್ಲ ಓಡಿ ಬಂದ್ವು. ಬಾತು ಬರೋದು ನಿಂತಾಗ ಯಾವ ಕ್ಯಾಮೆರಾವೂ ಬಂದಿರಲಿಲ್ಲ.

2020ರಲ್ಲಿ ಮೊದಲ ಸಲ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಬಂತು. ಆಧಾರ? ಇ-ಬರ್ಡ್‌ಗೆ ಸಾವಿರಾರು ಹವ್ಯಾಸಿಗಳು ಹಾಕಿದ ಪಟ್ಟಿಗಳು. ಅದರ ಲೆಕ್ಕ ಸರಳ: ನೋಡಿದ್ದನ್ನೆಲ್ಲ ಬರೆದ 100 ಪಟ್ಟಿಗಳಲ್ಲಿ ಎಷ್ಟರಲ್ಲಿ ಗುಬ್ಬಚ್ಚಿ ಇದೆ? ಮುಂದಿನ ವರ್ಷ ಎಷ್ಟರಲ್ಲಿ? ದೇಶದ ಮಟ್ಟದಲ್ಲಿ ಗುಬ್ಬಚ್ಚಿ ಸ್ಥಿರವಾಗಿದೆ ಅಂತ ಬಂತು. ಆದ್ರೆ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಇಳೀತಾ ಇದೆ ಅಂತಲೂ ಬಂತು. ಸರಾಸರಿ ಅನ್ನೋದು ಹೀಗೆ ನಮ್ಮ ಬೀದಿಯನ್ನೇ ನುಂಗಿಬಿಡುತ್ತೆ.

2023ರ ಎರಡನೇ ವರದಿ 942 ಜಾತಿಗಳನ್ನು ನೋಡ್ತು. ದೀರ್ಘಕಾಲದ ಏರಿಳಿತ ಹೇಳೋಕೆ ಸಾಧ್ಯವಾಗಿದ್ದು 338ಕ್ಕೆ ಮಾತ್ರ. ಅದರಲ್ಲಿ ಶೇ 60ರಷ್ಟು ಇಳಿಕೆ. ಹೊಸದಾಗಿ ಅಪಾಯದ ಪಟ್ಟಿಗೆ ಪರಿಶೀಲಿಸಬೇಕು ಅಂತ ಸೂಚಿಸಿದ 14 ಹಕ್ಕಿಗಳಲ್ಲಿ ಸಲಿಕೆ ಕೊಕ್ಕಿನ ಶವೆಲರ್ ಬಾತು ಇತ್ತು, ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇತ್ತು. ಹೊಲದ ಪಕ್ಕ ಕರೆಂಟ್ ತಂತಿ ಮೇಲೆ ಕೂತಿರ್ತಿದ್ದ ಹಕ್ಕಿ ಅದು. ಅಷ್ಟು ಸಾಮಾನ್ಯವಾದದ್ದು ಕಮ್ಮಿಯಾಗ್ಬಹುದು ಅಂತ ಯಾರಿಗೂ ಹೊಳೆಯಲ್ಲ. ಎಣಿಸಿದ್ದಕ್ಕೇ ಗೊತ್ತಾಗಿದ್ದು.

ಉಳಿದ 604 ಜಾತಿಗಳ ಗತಿ ಏನು? ಹಳೇ ದಾಖಲೆ ಸಾಲದು, ಅಷ್ಟೇ. ಎಣಿಸೋರು ಚೆಂದದ ಕೆರೆಗೆ ಹೋಗ್ತಾರೆ, ನಾನೂ ಹೋಗೋದು ಅಲ್ಲಿಗೇ. ಪೀಣ್ಯದ ಕಾರ್ಖಾನೆ ಹಿಂದಿನ ರಾಜಕಾಲುವೆ ಪಕ್ಕ ಭಾನುವಾರ ಬೆಳಗ್ಗೆ ಮೂಗು ಮುಚ್ಕೊಂಡು ನಿಲ್ಲೋರು ಎಷ್ಟು ಜನ? 2024ರಲ್ಲಿ ಭಾರತ 23 ರಾಷ್ಟ್ರೀಯ ಗುರಿಗಳ ಹೊಸ ಯೋಜನೆ ಪ್ರಕಟಿಸಿತು, ಅದರಲ್ಲೂ ಸೂಚಕಗಳಿವೆ. ಅವಕ್ಕೂ ಅಂಕಿ ಬರ್ಬೇಕಾದ್ದು ಇಂಥ ಜಾಗಗಳಿಂದಲೇ.

ಇನ್ನೊಂದು ವಿಷಯ. ಆ ದೀರ್ಘಕಾಲದ ಲೆಕ್ಕ ಹೋಲಿಸೋದು 2000ಕ್ಕೂ ಮುಂಚಿನ ಕಾಲದ ಜೊತೆ. ಆಗ ಆ್ಯಪ್ ಎಲ್ಲಿತ್ತು? ಹಳಬರು ತಮ್ಮ ಡೈರಿಗಳನ್ನು ತೆಗೆದು ಆಮೇಲೆ ಇ-ಬರ್ಡ್‌ಗೆ ಏರಿಸಿದ ಪಟ್ಟಿಗಳೂ ಅದರಲ್ಲಿ ಸೇರಿವೆ. ದಿನಾಂಕ, ಜಾಗ, ಕಂಡ ಹಕ್ಕಿ, ಇಷ್ಟಿದ್ರೆ ಸಾಕು, ಇವತ್ತೂ ಏರಿಸ್ಬಹುದು. ನಿಮ್ಮನೆ ಅಟ್ಟದ ಮೇಲೆ, ಚಿಕ್ಕಪ್ಪನ ಟ್ರಂಕ್‌ನಲ್ಲಿ, ವರ್ತೂರು ಕೆರೆ 1989 ಅಂತ ಬರೆದಿರೋ ನೋಟ್‌ಬುಕ್ ಏನಾದ್ರೂ ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ.