ವೋಲ್ಗಾ ದಂಡೆಯ ಬೊಲ್ಗಾರ್: ಸ್ಪಾಸ್ಕಿ ಜಿಲ್ಲೆಯ ನೆಲ, ಜನ ಮತ್ತು ಇತಿಹಾಸ

ಇಸ್ಲಾಮಿನ ಇತಿಹಾಸ ಎಂದೊಡನೆ ನಮ್ಮ ಮನಸ್ಸು ಮಕ್ಕಾ, ಮದೀನಾ, ಬಗ್ದಾದ್, ಕೈರೋಗಳತ್ತ ಹರಿಯುತ್ತದೆ. ಆದರೆ ರಷ್ಯಾದ ಹಿಮದ ಬಯಲಿನಲ್ಲಿ, ವೋಲ್ಗಾ ನದಿಯ ದಂಡೆಯಲ್ಲಿ, ಸಾವಿರದ ನೂರು ವರ್ಷಗಳ ಹಿಂದೆಯೇ ಅಝಾನ್ ಮೊಳಗುತ್ತಿತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ನೆಲ ಇಂದು ತಾತಾರಸ್ತಾನ ಗಣರಾಜ್ಯದ ಸ್ಪಾಸ್ಕಿ ಎಂಬ ಗ್ರಾಮೀಣ ಜಿಲ್ಲೆಗೆ ಸೇರಿದೆ.

ರಾಜಧಾನಿ ಕಝಾನ್‌ನ ದಕ್ಷಿಣಕ್ಕೆ, ಕಾಮಾ ನದಿಯು ವೋಲ್ಗಾವನ್ನು ಸೇರುವ ಸಂಗಮದ ಕೆಳಭಾಗದಲ್ಲಿ, ವೋಲ್ಗಾದ ಎಡದಂಡೆಯ ಮೇಲೆ ಈ ಜಿಲ್ಲೆಯಿದೆ. ವಿಸ್ತೀರ್ಣ ಸುಮಾರು 2,000 ಚದರ ಕಿಲೋಮೀಟರ್. ಕಾಡೂ ಹುಲ್ಲುಗಾವಲೂ ಸಂಧಿಸುವ ಸೀಮೆಯಿದು. ಬೇಸಾಯವೇ ಇಲ್ಲಿನ ಮುಖ್ಯ ಕಸುಬು. 2010ರ ಜನಗಣತಿಯ ವೇಳೆಗೆ ಇಲ್ಲಿದ್ದವರು ಸುಮಾರು 20 ಸಾವಿರ ಮಂದಿ ಮಾತ್ರ. ಜಿಲ್ಲಾ ಕೇಂದ್ರವಾದ ಬೊಲ್ಗಾರ್ ಒಂಬತ್ತು ಸಾವಿರಕ್ಕೂ ಕಡಿಮೆ ಜನರಿರುವ ಸಣ್ಣ ಪಟ್ಟಣ. ಜಿಲ್ಲೆಯಲ್ಲಿ ರಷ್ಯನ್ನರು ಬಹುಸಂಖ್ಯಾತರು. ಮುಸ್ಲಿಮರಾದ ತಾತಾರರು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಚುವಾಶ್ ಜನರೂ ಅಲ್ಪ ಪ್ರಮಾಣದಲ್ಲಿದ್ದಾರೆ.

ಈ ಅಂಕಿಗಳನ್ನಷ್ಟೇ ನೋಡಿದವರಿಗೆ ಇದೊಂದು ಸಾಮಾನ್ಯ ಹಳ್ಳಿಗಾಡು. ಆದರೆ ಒಂದು ಕಾಲದಲ್ಲಿ ಎರಡು ಮಹಾನದಿಗಳ ಈ ಸಂಗಮವೇ ಬೊಲ್ಗಾರ್ ನಗರವನ್ನು ಬೆಳೆಸಿತು. ಉತ್ತರದ ಕಾಡುಗಳ ತುಪ್ಪಳ, ಜೇನು, ಮೇಣಗಳು ಇಲ್ಲಿಂದ ದಕ್ಷಿಣಕ್ಕೆ ಸಾಗುತ್ತಿದ್ದವು. ಮಧ್ಯ ಏಷ್ಯಾದಿಂದ ಬೆಳ್ಳಿಯ ದಿರ್ಹಮ್‌ಗಳು ಬರುತ್ತಿದ್ದವು. ವ್ಯಾಪಾರಿಗಳೊಡನೆ ಇಸ್ಲಾಮ್ ಕೂಡಾ ಬಂದಿತು. ಸೈನ್ಯವೊಂದು ಇಲ್ಲಿಗೆ ಧರ್ಮವನ್ನು ಹೊತ್ತು ತಂದಿರಲಿಲ್ಲ.

ವೋಲ್ಗಾ ಬಲ್ಗಾರರ ದೊರೆ ಅಲ್ಮಿಶ್, ಬಗ್ದಾದಿನ ಅಬ್ಬಾಸೀ ಖಲೀಫ ಅಲ್ ಮುಕ್ತದಿರ್‌ಗೆ ಪತ್ರ ಬರೆದು ಮೂರು ಬೇಡಿಕೆಗಳನ್ನು ಮುಂದಿಟ್ಟನು: ಧರ್ಮವನ್ನು ಕಲಿಸುವವರು ಬೇಕು, ಮಸೀದಿ ಬೇಕು, ಶತ್ರುಗಳಿಂದ ರಕ್ಷಣೆಗೆ ಕೋಟೆ ಬೇಕು. 921ರಲ್ಲಿ ಬಗ್ದಾದಿನಿಂದ ಹೊರಟ ನಿಯೋಗವು ಬುಖಾರಾ, ಖ್ವಾರಿಝ್ಮ್ ಮಾರ್ಗವಾಗಿ, ಮೂಳೆ ಕೊರೆಯುವ ಚಳಿಯನ್ನು ದಾಟಿ, 922ರ ಮೇ ತಿಂಗಳಲ್ಲಿ ಅಂದರೆ ಹಿಜರಿ 310ರ ಮುಹರ್ರಮ್‌ನಲ್ಲಿ ಅಲ್ಲಿಗೆ ತಲುಪಿತು. ನಿಯೋಗದಲ್ಲಿದ್ದ ಇಬ್ನ್ ಫದ್ಲಾನ್ ತಾವು ಕಂಡದ್ದನ್ನು ಬರೆದಿಟ್ಟರು.

ಅವರ ಬರಹದ ಒಂದು ಪ್ರಸಂಗ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ದೊರೆಯ ಬಳಿಯಿದ್ದ ಬಗ್ದಾದಿನ ದರ್ಜಿಯೊಬ್ಬನೊಡನೆ ಮಾತನಾಡುತ್ತಾ ಅವರು ಇಶಾ ಅಝಾನ್‌ಗಾಗಿ ಕಾಯುತ್ತಿದ್ದರು. ಅಝಾನ್ ಕೇಳಿ ಗುಡಾರದಿಂದ ಹೊರಬಂದರೆ ಆಗಲೇ ಬೆಳಕು ಹರಿದಿತ್ತು! ಅದು ಫಜ್ರ್‌ನ ಅಝಾನ್. ಉತ್ತರ ದೇಶದ ಬೇಸಿಗೆಯ ಇರುಳು ಅಷ್ಟು ಚಿಕ್ಕದು. ಇಶಾವನ್ನು ಮಗ್ರಿಬ್‌ನೊಂದಿಗೇ ನಿರ್ವಹಿಸುತ್ತೇವೆಂದೂ ಫಜ್ರ್ ತಪ್ಪೀತೆಂಬ ಭಯದಿಂದ ಒಂದು ತಿಂಗಳಿನಿಂದ ರಾತ್ರಿ ಮಲಗಿಲ್ಲವೆಂದೂ ಮುಅಝ್ಝಿನ್ ತಿಳಿಸಿದನು. ಮುಸ್ಲಿಮ್ ಜಗತ್ತಿನ ಅಂಚಿನಲ್ಲಿದ್ದ ಆ ಹೆಸರಿಲ್ಲದ ಮುಅಝ್ಝಿನ್‌ನ ಕಾಳಜಿ ಎಂತಹದು!

ಕೋಟೆಗಾಗಿ ಕಳುಹಿಸಬೇಕಿದ್ದ 4,000 ದೀನಾರ್‌ಗಳು ಮಾತ್ರ ದೊರೆಯ ಕೈಸೇರಲಿಲ್ಲ. ದೊರೆ ಕುಪಿತನಾದನು. ತನಗೇನೂ ಹಣದ ಕೊರತೆಯಿಲ್ಲ, ಖಲೀಫರ ಸಂಪತ್ತಿನ ಬರಕತ್ತನ್ನು ಬಯಸಿ ಕೇಳಿದ್ದೆನೆಂಬುದು ಅವನ ಉತ್ತರವಾಗಿತ್ತು.

1236ರಲ್ಲಿ ಮಂಗೋಲರು ಬೊಲ್ಗಾರನ್ನು ನಾಶಗೊಳಿಸಿದರು. ಆದರೆ ಅದೇ ಮಂಗೋಲ್ ವಂಶದ ಬರ್ಕೆ ಖಾನ್ ಮುಂದೆ ಇಸ್ಲಾಮ್ ಸ್ವೀಕರಿಸಿದನು. ನಗರ ಮತ್ತೆ ಚಿಗುರಿತು, ಕಲ್ಲಿನ ಜಾಮಿಅ ಮಸೀದಿ ಎದ್ದಿತು. 15ನೇ ಶತಮಾನದಲ್ಲಿ ನಗರ ಪಾಳುಬಿದ್ದಿತು; 1552ರಲ್ಲಿ ಕಝಾನ್ ರಷ್ಯಾದ ಝಾರ್‌ನ ವಶವಾಯಿತು. ಜನಸಂಖ್ಯೆಯ ಸ್ವರೂಪವೂ ಬದಲಾಯಿತು. ಸೀಮೆಗೆ ಬಂದ ಸ್ಪಾಸ್ಕ್ ಎಂಬ ಹೆಸರು, ರಕ್ಷಕ ಎಂಬರ್ಥದಲ್ಲಿ ಯೇಸುವನ್ನು ಸೂಚಿಸುವ ರಷ್ಯನ್ ಪದದಿಂದ ಹುಟ್ಟಿದ್ದು. ಹಳೆಯ ಗೋರಿ ಕಟ್ಟಡಗಳಲ್ಲೊಂದು ಚರ್ಚಾಯಿತು, ಇನ್ನೊಂದು ಕ್ರೈಸ್ತ ಮಠದ ಉಗ್ರಾಣವಾಯಿತು. 1722ರಲ್ಲಿ ಇಲ್ಲಿಗೆ ಬಂದ ಪೀಟರ್ ದೊರೆ ಅವಶೇಷಗಳನ್ನು ಕಾಪಾಡುವಂತೆ ಆಜ್ಞಾಪಿಸಿದನಾದರೂ 1841ರಲ್ಲಿ ದೊಡ್ಡ ಮಿನಾರ ಕುಸಿದುಬಿದ್ದಿತು.

ಸೋವಿಯತ್ ಕಾಲದಲ್ಲಿ ಭೂಗೋಳವೇ ಬದಲಾಯಿತು. 1950ರ ದಶಕದಲ್ಲಿ ವೋಲ್ಗಾಕ್ಕೆ ಅಣೆಕಟ್ಟು ಕಟ್ಟಿ ಕುಯಿಬಿಶೆವ್ ಜಲಾಶಯವನ್ನು ತುಂಬಿಸಿದಾಗ ಹಳೆಯ ಸ್ಪಾಸ್ಕ್ ಪಟ್ಟಣ ನೀರಿನ ಪಾಲಾಯಿತು. ಆಗಲೇ ಕುಯಿಬಿಶೆವ್ ಎಂಬ ಹೆಸರು ಪಡೆದಿದ್ದ ಆ ಪಟ್ಟಣದ ಜನರನ್ನು ಪ್ರಾಚೀನ ಬೊಲ್ಗಾರ್‌ನ ಅವಶೇಷಗಳ ಪಕ್ಕಕ್ಕೆ ಸ್ಥಳಾಂತರಿಸಲಾಯಿತು. 1991ರಲ್ಲಿ ಪಟ್ಟಣಕ್ಕೆ ಬೊಲ್ಗಾರ್ ಎಂಬ ಪ್ರಾಚೀನ ಹೆಸರು ಮರಳಿ ಬಂದಿತು.

ಆನಂತರ ಬಿದ್ದ ಮಿನಾರವನ್ನು ಪುನಃ ಕಟ್ಟಲಾಯಿತು. 2012ರಲ್ಲಿ ಬಿಳಿ ಮಸೀದಿ ತೆರೆಯಿತು. 2014ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ಇಸ್ಲಾಮೀ ಅಕಾಡೆಮಿಯೂ ಆರಂಭವಾಯಿತು. ಪ್ರತಿವರ್ಷ ಬೇಸಿಗೆಯಲ್ಲಿ ರಷ್ಯಾದ ನಾನಾ ಭಾಗಗಳಿಂದ ಮುಸ್ಲಿಮರು ಪೂರ್ವಜರ ನೆನಪಿನಲ್ಲಿ ಇಲ್ಲಿ ಸೇರುತ್ತಾರೆ.

ಒಂದು ಸಮುದಾಯದ ಬಲವನ್ನು ನಾವು ಬಹುಮಟ್ಟಿಗೆ ಸಂಖ್ಯೆಯಿಂದ ಅಳೆಯುತ್ತೇವೆ. ಸಂಖ್ಯೆ ಕುಸಿದೊಡನೆ ಎದೆಗುಂದುತ್ತೇವೆ. ಸ್ಪಾಸ್ಕಿ ಜಿಲ್ಲೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಆಳ್ವಿಕೆ ಹೋಯಿತು, ಹೆಸರು ಹೋಯಿತು, ಊರೇ ಮುಳುಗಿತು. ತಾತಾರರು ತಮ್ಮ ಪೂರ್ವಜರ ನೆಲದಲ್ಲೇ ಅಲ್ಪಸಂಖ್ಯಾತರಾದರು. ಆದರೂ ದೀನ್ ಉಳಿಯಿತು. ಅಲ್ಮಿಶ್ ಕೇಳಿದ ಕೋಟೆಗೆ ಹಣ ಬರಲೇ ಇಲ್ಲ. ಆದರೆ ಅವನು ಕೇಳಿದ ಇನ್ನೊಂದು, ಧರ್ಮದ ಕಲಿಕೆ, ಆ ನೆಲದಲ್ಲಿ ಬೇರುಬಿಟ್ಟಿತು. ನಮ್ಮ ಮಕ್ಕಳಿಗಾಗಿ ನಾವು ಮೊದಲು ಏನನ್ನು ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?