ಕುದುರೆ ಕಾಲ ಕೆಳಗಿನ ಮಣ್ಣು

ನಮ್ಮ ಬೆಂಗಳೂರಿನಲ್ಲಿ ರೇಸ್ ಅಂದರೆ ಹುಲ್ಲಿನ ಮೇಲೆ. ಅಮೆರಿಕದಲ್ಲಿ ಹಾಗಲ್ಲ. ಕೆಂಟಕಿ ಡರ್ಬಿಯಂಥ ದೊಡ್ಡ ರೇಸುಗಳು ನಡೆಯುವುದು ಮಣ್ಣಿನ ಮೇಲೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟುವ ಹುಚ್ಚು ನನಗಿಲ್ಲ. ಆದರೆ ಈ ಮಣ್ಣಿನ ಕತೆ ಓದುತ್ತಾ ಹೋದ ಹಾಗೆ ಬಿಡಲಾಗಲಿಲ್ಲ.

ಮೊದಲು ಮಣ್ಣಿನ ವಿಚಾರ. ಕೆಳಗೆ ಗಟ್ಟಿಯಾಗಿ ಅಡಕಿದ ತಳ. ಅದರ ಮೇಲೆ ಮರಳು, ಗೋಡು, ಜೇಡಿ ಬೆರೆಸಿದ ಕೆಲವೇ ಇಂಚಿನ ಸಡಿಲ ಪದರ. ಅದು ತೀರಾ ಗಟ್ಟಿಯಾದರೆ ಪೆಟ್ಟೆಲ್ಲ ಮೂಳೆಗೆ, ತೀರಾ ಸಡಿಲವಾದರೆ ಗೊರಸು ಜಾರುತ್ತದೆ. ಅದಕ್ಕೇ ಟ್ಯಾಂಕರಿನಲ್ಲಿ ನೀರು ಚಿಮುಕಿಸುತ್ತಾರೆ, ರೇಸು ರೇಸಿನ ನಡುವೆ ಟ್ರ್ಯಾಕ್ಟರ್ ಕಟ್ಟಿ ನಮ್ಮ ರೈತರು ಕುಂಟೆ ಹೊಡೆಯುವ ಹಾಗೆ ಹರಗುತ್ತಾರೆ. ಮಳೆ ಬರುವ ಸೂಚನೆ ಇದ್ದರೆ ಕೆಲಸ ತದ್ವಿರುದ್ಧ! ಭಾರ ಎಳೆದು ಮೇಲ್ಪದರವನ್ನು ಒತ್ತಿ ಮುಚ್ಚುತ್ತಾರೆ, ನೀರು ಒಳಗಿಳಿಯದೆ ಇಳಿಜಾರಿನಲ್ಲಿ ಹರಿದು ಹೋಗಲಿ ಅಂತ. ಹರಿಯುವ ನೀರು ನಯವಾದ ಕಣಗಳನ್ನೂ ಒಯ್ಯುತ್ತದೆ. ಆದ್ದರಿಂದ ಮಳೆ ನಿಂತ ಮೇಲೆ ಮಣ್ಣಿನ ಹದವನ್ನು ಮತ್ತೆ ನೋಡಿ ಸರಿಪಡಿಸಬೇಕು.

ಈ ತಾಪತ್ರಯವೇ ಬೇಡ ಅಂತ 2006ರಲ್ಲಿ ಕ್ಯಾಲಿಫೋರ್ನಿಯಾದ ರೇಸಿಂಗ್ ಮಂಡಳಿ ಒಂದು ಆದೇಶ ಹೊರಡಿಸಿತು: 2007ರ ಕೊನೆಯೊಳಗೆ ದೊಡ್ಡ ಟ್ರ್ಯಾಕುಗಳೆಲ್ಲ ಕೃತಕ ನೆಲ ಹಾಕಬೇಕು. ಅಂದರೆ ಮೇಣ ಸವರಿದ ಮರಳು, ಜೊತೆಗೆ ನಾರು, ರಬ್ಬರ್ ಚೂರು. ಲಾಸ್ ಏಂಜಲಿಸ್ ಬಳಿಯ ಸಾಂಟಾ ಅನಿಟಾ ಟ್ರ್ಯಾಕಿಗೂ ಹಾಕಿದರು. ನೀರು ಇಂಗಲಿಲ್ಲ! 2008ರ ಮಳೆಗೆ ರೇಸುಗಳೇ ರದ್ದಾದವು. ಬೇರೆ ಬಗೆಯದನ್ನು ಹಾಕಿ ನೋಡಿ, 2010ರ ಡಿಸೆಂಬರಿಗೆ ಮತ್ತೆ ಮಣ್ಣಿಗೇ ಬಂದರು. ಕೆಂಟಕಿಯ ಕೀನ್‌ಲ್ಯಾಂಡ್ 2014ರಲ್ಲಿ ಮಣ್ಣಿಗೆ ಮರಳಿತು, ದುಬೈ ವರ್ಲ್ಡ್ ಕಪ್ 2015ರಲ್ಲಿ. ಕುದುರೆಗಳ ಸಾವಿನ ಲೆಕ್ಕವನ್ನು ಅಮೆರಿಕದಲ್ಲಿ 2009ರಿಂದ ಒಂದೆಡೆ ಇಟ್ಟಿದ್ದಾರೆ. ಅದರ ಪ್ರಕಾರ ಮಣ್ಣಿಗಿಂತ ಕೃತಕ ನೆಲದಲ್ಲೇ ಸಾವು ಕಡಿಮೆ. ಆದರೂ ಮರಳಿದರು. ಖರ್ಚು, ತರಬೇತುದಾರರ ತಕರಾರು, ಹಳೆಯ ರೂಢಿ... ಎಲ್ಲವೂ ಸೇರಿತ್ತು.

ಆಮೇಲೆ ಬಂದದ್ದು 2019. ಆ ಚಳಿಗಾಲ ಸಾಂಟಾ ಅನಿಟಾದಲ್ಲಿ ವಿಪರೀತ ಮಳೆ. ಟ್ರ್ಯಾಕನ್ನು ಮತ್ತೆ ಮತ್ತೆ ಒತ್ತಿ ಮುಚ್ಚಬೇಕಾಯಿತು. 2018ರ ಡಿಸೆಂಬರಿನಿಂದ ಜೂನ್‌ವರೆಗೆ ಅಲ್ಲಿ ಸತ್ತ ಕುದುರೆಗಳು 30! ಮಾರ್ಚಿನಲ್ಲಿ ರೇಸು ನಿಲ್ಲಿಸಿ, ರಡಾರ್ ಹಾಯಿಸಿ ನೆಲದೊಳಗನ್ನು ಪರೀಕ್ಷಿಸಿದರು. ಕೆಲ ತಿಂಗಳ ಹಿಂದಷ್ಟೇ ನಿವೃತ್ತರಾಗಿದ್ದ ಟ್ರ್ಯಾಕ್ ಮೇಲ್ವಿಚಾರಕ ಡೆನಿಸ್ ಮೂರ್ ಅವರನ್ನು ವಾಪಸು ಕರೆಸಿದರು. 2020ರ ಸರ್ಕಾರಿ ವರದಿ ಯಾವುದೇ ಒಂದು ಕಾರಣವನ್ನು ತೋರಿಸಲಿಲ್ಲ. ಅದು ಪರಿಶೀಲಿಸಿದ ಕುದುರೆಗಳಲ್ಲಿ ಬಹುಪಾಲಿಗೆ ಮುರಿದ ಜಾಗದಲ್ಲಿ ಮೊದಲೇ ಹಾನಿಯಾಗಿತ್ತು. ಒದ್ದೆ ನೆಲ, ಬಿಡುವಿಲ್ಲದ ಓಟ, ರೇಸಿಗಿಳಿಸುವ ಒತ್ತಡ ಎಲ್ಲದರ ಪ್ರಸ್ತಾಪ ಅದರಲ್ಲಿದೆ.

2022ರಿಂದ ಅಮೆರಿಕದಲ್ಲಿ ರಾಷ್ಟ್ರಮಟ್ಟದ ನಿಯಮ ಬಂದಿದೆ. ಮಣ್ಣಿನ ತೇವ, ಪದರದ ಆಳ ಎಲ್ಲವನ್ನೂ ಅಳೆದು ಬರೆದಿಡಬೇಕು. ಆದರೂ 2023ರಲ್ಲಿ ಚರ್ಚಿಲ್ ಡೌನ್ಸ್‌ನಲ್ಲಿ 12 ಕುದುರೆಗಳು ಸತ್ತವು. ಪರೀಕ್ಷಿಸಿದಾಗ ಮಣ್ಣಿನಲ್ಲಿ ದೋಷ ಸಿಗಲಿಲ್ಲ.

ಮಣ್ಣು ಹದವಾಗಿರಲೇಬೇಕು, ಅನುಮಾನವಿಲ್ಲ. ಆದರೆ ಮೂಳೆಯಲ್ಲಿ ಆಗಲೇ ಬಿರುಕಿರುವ ಕುದುರೆಯನ್ನು ಓಡಿಸಿ ಆಮೇಲೆ ಮಣ್ಣನ್ನು ಬೈದರೆ ಏನು ಬಂತು? ನನಗಂತೂ ಹೀಗನ್ನಿಸುತ್ತದೆ. ರೇಸ್ ಬಲ್ಲವರು ಏನಂತೀರಿ?